ನಾಲ್ಕನೆಯ ಪ್ಲಗ್

ಕಾಣದ ಕೈ, ಶಕುನ, ದಾರಿಯಲ್ಲಿ ಅಡ್ಡ ಬರುವ ನೆರಳು ಇಂಥವನ್ನು ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎಂದು ಎದೆ ತಟ್ಟಿ ಹೇಳಲಾರೆ. ಗಾಡಿ ಓಡಿಸುವವರ ಬಾಯಲ್ಲಿ ಇಂಥ ಕಥೆಗಳು ಬಹಳ. ಅನಮೋಡ ಘಾಟಿನ ತಿರುವಿನಲ್ಲಿ ಬ್ರೇಕು ತಾನೇ ಬಿದ್ದು ಜೀವ ಉಳಿಯಿತು ಎಂದು ಯಾರೋ ಹೇಳಿದರೆ, ನಾನು ಚಹಾ ಮುಗಿಸಿ ಎದ್ದು ಬರುತ್ತಿದ್ದೆ. ಯಂತ್ರ ಕೆಟ್ಟರೂ ಕಾರಣ ಇರುತ್ತದೆ, ಸರಿಯಾದರೂ ಕಾರಣ ಇರುತ್ತದೆ ಎಂಬುದು ನನ್ನ ಪಾಠ. ಹೀಗಿರುವಾಗ ಇದನ್ನು ಬರೆಯಲು ನನಗೇ ಸಂಕೋಚ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದೇ.

ನನ್ನ ತವರು ಮುಂಡಗೋಡದ ಮಳಗಿ. ಅಣ್ಣನ ಟೆಂಪೋದಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತೆ. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ಒಂದು ಹಳೆಯ ಪೆಟ್ರೋಲ್ ವ್ಯಾನ್ ಕೊಂಡು, ಜೋಯಿಡಾ ಕಡೆಯ ಹಳ್ಳಿಗಳಿಂದ ಹೈಸ್ಕೂಲು ಹುಡುಗಿಯರನ್ನು ಕರೆತರುವ ಕೆಲಸ ಹಿಡಿದೆ. ನನ್ನ ಕೈಗೆ ಬರುವಾಗಲೇ ಆ ವ್ಯಾನಿನ ಮೀಟರು ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಇಂಜಿನ್ನಿಗೆ ಮೂರು ಸಿಲಿಂಡರು. ನಡುವಿನದರಲ್ಲಿ ಪಿಸ್ಟನ್ ರಿಂಗು ಸವೆದು, ಆಯಿಲ್ ಮೇಲೇರಿ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಕಪ್ಪು ಮೆತ್ತಿಕೊಳ್ಳುತ್ತಿತ್ತು. ಹಾಗಾದರೆ ಕಿಡಿ ಹಾರುವುದಿಲ್ಲ. ಕಿಡಿ ಹಾರದಿದ್ದರೆ ಆ ಸಿಲಿಂಡರು ಇದ್ದೂ ಇಲ್ಲದ ಹಾಗೆ. ಎರಡು ದಿನಕ್ಕೊಮ್ಮೆ ಬಿಚ್ಚಿ ತಿಕ್ಕಲೇಬೇಕು.

ಅದನ್ನು ಕಲಿಸಿದವರು ದಾಂಡೇಲಿಯ ಮೆಕ್ಯಾನಿಕ್ ದಸ್ತಗೀರಸಾಬ್. "ಪ್ಲಗ್ ಅಂದ್ರ ಇಂಜಿನ್ನಿನ ನಾಲಿಗಿ ಇದ್ದಂಗ ನೋಡ್ರಿ. ಒಣಾ ಕಪ್ಪ ಇದ್ರ ಪೆಟ್ರೋಲ್ ಜಾಸ್ತಿ ಆಗೇತಿ. ಜಿಡ್ಡ ಜಿಡ್ಡ ಇದ್ರ ಆಯಿಲ್ ಬರಾಕತ್ತೇತಿ. ಟೋಸ್ಟಿನ ಬಣ್ಣ ಇದ್ರ ಆರಾಮ ಐತಿ ಅಂತ ತಿಳೀರಿ" ಎನ್ನುತ್ತಿದ್ದರು. ನನ್ನ ನಡುವಿನ ಪ್ಲಗ್ ಟೋಸ್ಟಿನ ಬಣ್ಣಕ್ಕೆ ಬಂದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಹತ್ತನೆಯ ತರಗತಿಯ ಗಣಿತ ಪರೀಕ್ಷೆಯ ದಿನ. ಆರು ಹುಡುಗಿಯರನ್ನು ಹತ್ತಿಸಿಕೊಂಡು ದಾಂಡೇಲಿಯತ್ತ ಹೊರಟಿದ್ದೆ. ಅವರಲ್ಲಿ ಸುಪ್ರಿಯಾ ಎಂಬುವಳು ಮುಂದಿನ ಸೀಟಿನಲ್ಲಿ ಕುಳಿತು ಸೂತ್ರಗಳನ್ನು ಬಾಯಲ್ಲೇ ಗುನುಗುತ್ತಿದ್ದಳು. ಈ ಸಲ ಪಾಸಾಗದಿದ್ದರೆ ಓದು ನಿಲ್ಲಿಸಿ ಮದುವೆ ಮಾಡುವುದೆಂದು ಅವಳ ಮನೆಯಲ್ಲಿ ಮಾತಾಗಿತ್ತು. ಒಂಬತ್ತು ಗಂಟೆಯ ಸುಮಾರಿಗೆ, ಕಾಡಿನ ನಡುವೆ ಏರು ಶುರುವಾಗುವಲ್ಲಿ ವ್ಯಾನು ತಡವರಿಸಿತು. ಆಕ್ಸಿಲರೇಟರ್ ಒತ್ತಿದರೂ ಎಳೆಯಲಿಲ್ಲ. ಹಿಂದೆ ನೀಲಿ ಹೊಗೆ, ಹಸಿ ಪೆಟ್ರೋಲಿನ ವಾಸನೆ. ನಿಂತೇ ಹೋಯಿತು.

ಫೋನಿಗೆ ರೇಂಜ್ ಇರಲಿಲ್ಲ. ಬಸ್ಸು ಆಗಲೇ ಹೋಗಿತ್ತು. "ಅಕ್ಕಾ, ಪೇಪರ್ ತಪ್ಪತೈತೇನ್ರೀ?" ಎಂದು ಹಿಂದಿನಿಂದ ಯಾರೋ ಅಳುವ ದನಿಯಲ್ಲಿ ಕೇಳಿದರು.

"ತಪ್ಪಂಗಿಲ್ಲ. ಇಳೀರಿ ಎಲ್ಲಾರೂ" ಎಂದೆ.

ಮುಂದಿನ ಸೀಟು ಎತ್ತಿದರೆ ಕೆಳಗೇ ಇಂಜಿನ್. ಹೇಗೋ ಸ್ಟಾರ್ಟ್ ಮಾಡಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದೆ. ಮೊದಲನೆಯದು ಕಿತ್ತಾಗ ಇಂಜಿನ್ ಇನ್ನಷ್ಟು ನಡುಗಿತು, ಮೂರನೆಯದಕ್ಕೂ ಹಾಗೇ. ನಡುವಿನದು ಕಿತ್ತರೆ ಏನೂ ವ್ಯತ್ಯಾಸವಿಲ್ಲ. ಅಂದರೆ ಅದೇ ಸತ್ತದ್ದು.

ಮೂರನ್ನೂ ಬಿಚ್ಚಿದೆ. ಸುಪ್ರಿಯಾ ವ್ಯಾನಿನಲ್ಲಿದ್ದ ಹಳೆಯ ಟವೆಲ್ ಹರವಿಕೊಂಡು ಒಂದೊಂದನ್ನೇ ಇಸಿದುಕೊಂಡಳು. ಬೆರಳು ಸುಟ್ಟವು. ನಡುವಿನದು ಜಿಡ್ಡಿನಲ್ಲಿ ಮಿಂದಿತ್ತು. ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ಒರೆಸಿ ನೋಡಿದಾಗ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಸೀಳು ಕಂಡಿತು. ವೈರು ಜೋಡಿಸಿ ಇಂಜಿನ್ನಿನ ಮೈಗೆ ತಾಗಿಸಿ ಹಿಡಿದು, ಸುಪ್ರಿಯಾಳಿಗೆ ಚಾವಿ ತಿರುಗಿಸಲು ಹೇಳಿದೆ. ಉಳಿದೆರಡರಲ್ಲಿ ನೀಲಿ ಕಿಡಿ ಹಾರಿತು. ಇದರ ತುದಿಯಲ್ಲಿ ಏನೂ ಇಲ್ಲ. ಸೀಳಿದ ಪಿಂಗಾಣಿಯನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ.

ಬೇರೆ ಪ್ಲಗ್ಗಿಗಾಗಿ ಟೂಲ್ ಪೆಟ್ಟಿಗೆಯನ್ನು ರಸ್ತೆಯ ಮೇಲೆಯೇ ಬೋರಲು ಹಾಕಿದೆ. ಸ್ಪ್ಯಾನರ್, ಹಳೆಯ ಬೆಲ್ಟು, ನಟ್ಟುಗಳು. ಆರು ಹುಡುಗಿಯರೂ ಕುಕ್ಕರಗಾಲಲ್ಲಿ ಕುಳಿತು ಕೆದಕಿದರು. ಸೀಟಿನ ಕೆಳಗೂ ಹುಡುಕಿದೆವು. ಇರಲಿಲ್ಲ.

"ಎರಡ ಸಿಲಿಂಡರಿನ ಮ್ಯಾಲೆ ಒಯ್ತೇನಿ. ನೀವು ಏರು ಮುಗಿಯೂ ಮಟ ನಡಕೊಂತ ಬರ್ರಿ" ಎಂದೆ. ತೂತು ತೆರೆದು ಬಿಡುವ ಹಾಗಿಲ್ಲವಾದ್ದರಿಂದ ಸೀಳಿದ್ದನ್ನೇ ನಡುವೆ ಕೂಡಿಸಿದೆ. ಇದನ್ನು ಒತ್ತಿ ಹೇಳುತ್ತೇನೆ: ಅದನ್ನೇ ಕೂಡಿಸಿದೆ. ಸೀಳಿನ ಗೆರೆ ನನ್ನ ಕಡೆಗಿತ್ತು. ಬಿಗಿಯುವಾಗ ಅದು ಸುತ್ತಿ ಆಚೆ ಹೋದದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಚಾವಿ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿತು. ನಡುಕವಿಲ್ಲ, ಹೊಗೆಯಿಲ್ಲ. ಮೂರೂ ಸಿಲಿಂಡರು ಒಂದೇ ಲಯದಲ್ಲಿ, ಹೊಲಿಗೆ ಯಂತ್ರದ ಹಾಗೆ ಓಡುತ್ತಿದ್ದವು. ಹುಡುಗಿಯರು ಖುಷಿಯಿಂದ ಕೂಗಿದರು. ಅವರಿಗೆ ನಾನು ರಿಪೇರಿ ಮಾಡಿದೆನೆಂದೇ ಲೆಕ್ಕ. ಕೂಡಲೇ ಹತ್ತಿಸಿಕೊಂಡೆ. ಅಷ್ಟೂ ಜನರ ಭಾರ ಹೊತ್ತು ಆ ಮುದಿ ವ್ಯಾನು ಥರ್ಡ್ ಗೇರಿನಲ್ಲೇ ಏರು ಮುಗಿಸಿತು. ನನ್ನ ಕೈಯಲ್ಲಿ ಅದು ಹಿಂದೆಂದೂ ಹಾಗೆ ಓಡಿರಲಿಲ್ಲ. ಇಂಜಿನ್ ಬಂದ್ ಮಾಡಿದರೆ ಏನಾದೀತೋ ಎಂಬ ಭಯಕ್ಕೆ ಶಾಲೆಯ ಗೇಟಿನ ಎದುರೂ ಬಂದ್ ಮಾಡಲಿಲ್ಲ. ಗೇಟು ಇನ್ನೂ ತೆರೆದಿತ್ತು. ಹುಡುಗಿಯರು ಹಿಂತಿರುಗಿ ನೋಡದೆ ಓಡಿದರು.

ನೇರ ದಸ್ತಗೀರಸಾಬರ ಗ್ಯಾರೇಜಿಗೆ ಹೋದೆ. ನಡುವಿನದು ಒಡೆದಿದೆ, ಹೊಸದು ಹಾಕಿ ಎಂದೆ. ಅವರು ಬಿಚ್ಚಿ, ಬೆಳಕಿಗೆ ಹಿಡಿದು ನಕ್ಕರು. "ಯಾರ ಹೇಳಿದ್ರು ಒಡದೈತಿ ಅಂತ?"

ಅದರಲ್ಲಿ ಸೀಳಿರಲಿಲ್ಲ. ಒಣಗಿತ್ತು. ಟೋಸ್ಟಿನ ಬಣ್ಣ.

ಕೈ ಒರೆಸಿಕೊಳ್ಳಲು ವ್ಯಾನಿನಲ್ಲಿ ಮಡಚಿಟ್ಟಿದ್ದ ಆ ಟವೆಲ್ ಬಿಚ್ಚಿದೆ. ಅದರೊಳಗಿಂದ ಸೀಳಿದ ಪ್ಲಗ್ ನೆಲಕ್ಕೆ ಬಿತ್ತು. ಮೂರಿದ್ದ ಪ್ಲಗ್ಗುಗಳು ಈಗ ನಾಲ್ಕು.

ದಸ್ತಗೀರಸಾಬ್ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಗಡಿಬಿಡ್ಯಾಗ ಬ್ಯಾರೇದು ಹಾಕೀರಿ ಬಿಡ್ರಿ" ಎಂದರು.

"ಬ್ಯಾರೇದು ಇದ್ದಿದ್ರ ರಸ್ತೇದಾಗ ಪೆಟ್ಟಿಗಿ ಯಾಕ ಸುರವತಿದ್ನಿ?"

ಅವರು ಒಣಗಿದ ಪ್ಲಗ್ಗನ್ನು ಬೆರಳಲ್ಲಿ ತಿರುಗಿಸುತ್ತ ತಮಗೆ ತಾವೇ ಎಂಬಂತೆ ಹೇಳಿದರು: "ಇದು ಚಲೋ ಇಂಜಿನ್ನಿನಾಗ ತಿಂಗಳಾನುಗಟ್ಲೆ ಉರದಿದ್ದು. ಈ ನಡುವಿನ ಸಿಲಿಂಡರಿನಾಗ ಹೊಸಾದು ಹಾಕಿದ್ರೂ ದಾಂಡೇಲಿ ಮುಟ್ಟೂದ್ರಾಗ ಜಿಡ್ಡ ಹಿಡೀತೈತಿ. ಇದು ಒಣಗೇ ಹೆಂಗ ಉಳೀತು?" ಟಾರ್ಚು ಹಿಡಿದು ಒಳಗೆ ನೋಡಿದರು. ಸಿಲಿಂಡರಿನಲ್ಲಿ ಎಂದಿನಂತೆ ಆಯಿಲ್ ನಿಂತಿತ್ತು.

ಆ ಒಣಗಿದ್ದನ್ನೇ ಮತ್ತೆ ಹಾಕಿಸಿಕೊಂಡು ಬಂದೆ. ಮರುದಿನ ಸಂಜೆಯ ಹೊತ್ತಿಗೆ ಅದು ಹಿಂದಿನವುಗಳ ಹಾಗೇ ಕಪ್ಪಾಗಿ, ಜಿಡ್ಡಾಗಿ, ಇಂಜಿನ್ ನಡುಗತೊಡಗಿತು. ಆ ಬೇಸಿಗೆಯಲ್ಲೇ ರಿಂಗು ಬದಲಿಸಿದೆವು.

ಸುಪ್ರಿಯಾ ಪಾಸಾದಳು. ಈಗ ಹಳಿಯಾಳದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿದೆ: "ಅವತ್ತ ನೀ ಹಿಡದ ಟವೆಲ್‌ನ್ಯಾಗ ಎಷ್ಟ ಪ್ಲಗ್ ಇದ್ದುವು?"

"ಮೂರು" ಎಂದಳು ತಡಮಾಡದೆ. "ಮೂರೂ ನಿಮ್ಮ ಕೈಯಾಗ ಕೊಟ್ಟೆ. ಟವೆಲ್ ಝಾಡಿಸಿ ಮಡಚಿ ಇಟ್ಟೆ. ಯಾಕ್ರೀ ಅಕ್ಕಾ?"

ಏನಿಲ್ಲ ಎಂದೆ. ಅವಳ ಬಸ್ಸು ಬಂತು. ಕಿಟಕಿಯಿಂದ ಕೈ ಬೀಸುತ್ತ ಅವಳು ಮತ್ತೇನೋ ಕೇಳಿದಳು, ಕೇಳಿಸಲಿಲ್ಲ.