ಮೇಣದೊಳಗಿನ ಕೂಗು

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದೆ ಪ್ರೇಮಲಾ ಅವರ ಮೈಕ್‌ಸೆಟ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದಾರೆ. ಮದುವೆ ಮಂಟಪದ ಅಲಂಕಾರಕ್ಕೆ ಯಾರೋ ಹಳೆಯ ಗ್ರಾಮಫೋನ್ ಕೇಳಿದರೆಂದು ಒಮ್ಮೆ ಹೈದರಾಬಾದಿಗೆ ಹೋಗಿ ಒಂದನ್ನು ಕೊಂಡು ತಂದರು. ಅದು ನಕಲಿಯಾಗಿತ್ತು. ಹೊಸ ಪೆಟ್ಟಿಗೆಗೆ ಹಳೇ ಬಣ್ಣ ಬಳಿದು, ಹಿತ್ತಾಳೆ ತುತ್ತೂರಿ ಸಿಕ್ಕಿಸಿ, ದೊಡ್ಡ ಕಂಪನಿಯ ಫಲಕ ಹೊಡೆದಿದ್ದರು. ಸಿಟ್ಟಿನಲ್ಲಿ ಪ್ರೇಮಲಾ ಅದರ ಒಂದೊಂದು ತಿರುಪನ್ನೂ ಬಿಚ್ಚಿ ಹಾಕಿದರು. ಅಂದಿನಿಂದ ಕೈಗೆ ಸಿಕ್ಕ ಹಳೇ ಹಾಡಿನ ಯಂತ್ರವನ್ನೆಲ್ಲ ಬಿಚ್ಚಿ ನೋಡುವುದು ಅವರಿಗೆ ಗೀಳಾಯಿತು. ಈಗ ತಾಂಡೂರು, ಬೀದರಿನಿಂದಲೂ ಜನ ಅಸಲಿ ಯಾವುದು, ಬೆಲೆ ಎಷ್ಟು ಎಂದು ಕೇಳಿಕೊಂಡು ಬರುತ್ತಾರೆ.

ಹೋದ ಮಾಘದಲ್ಲಿ ಮನೂರ್ ಕಡೆಯ ಕುರಿಗಾರ ಮರೆಪ್ಪ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ.

"ಅಕ್ಕೋರೆ, ಅಟ್ಟದ ಮ್ಯಾಲ ಇತ್ತು. ತುತ್ತೂರಿ ನಮ್ಮವ್ವ ಎಣ್ಣಿ ಸುರಿಯಾಕ ಇಟ್ಕೊಂಡಾಳ. ಏನರ ಬೆಲಿ ಬರ್ತದೇನ್ರಿ?"

ಫೋಟೋದಲ್ಲಿ ತಟ್ಟೆ ಇಡುವ ಜಾಗವೇ ಇರಲಿಲ್ಲ. ಬದಲಿಗೆ ಅಡ್ಡಕ್ಕೆ ಒಂದು ಉಕ್ಕಿನ ಸರಳು, ಅದರ ತುದಿಗೆ ಲಟ್ಟಣಿಗೆಯಂಥ ಉರುಳೆ. ಗ್ರಾಮಫೋನಿಗೂ ಹಿಂದಿನ ಫೋನೋಗ್ರಾಫ್ ಅದು. ಪ್ರೇಮಲಾ ಅದನ್ನು ಚಿತ್ರದಲ್ಲಷ್ಟೇ ಕಂಡಿದ್ದರು.

"ಯಾರೂ ಮುಟ್ಟಬ್ಯಾಡ್ರಿ. ನಾನೇ ಬರ್ತೀನಿ" ಎಂದರು.

ಮರೆಪ್ಪನ ಅಂಗಳದಲ್ಲಿ, ಕಂಬಳಿಯ ಮೇಲೆ ಯಂತ್ರವನ್ನು ಇಟ್ಟಿದ್ದರು. ಪ್ರೇಮಲಾ ಫಲಕದ ಕಡೆ ನೋಡಲೇ ಇಲ್ಲ. ಸರಳಿನ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಕೊರೆದ ಗೆರೆಗಳನ್ನು ಉಗುರಿನಿಂದ ಸವರಿದರು. ಹಲ್ಲುಚಕ್ರ ಒಂದೇ ಕಡೆ ಸವೆದಿತ್ತು. ತಿರುಪುಗಳ ತಲೆ ಯಾರೂ ಕೆಡಿಸಿರಲಿಲ್ಲ. "ಅಸಲಿ ಅದ" ಎಂದರು.

ಆಗ ಮರೆಪ್ಪನ ತಾಯಿ ಅಮೃತಬಾಯಿ ಒಳಗಿಂದ ಒಂದು ರಟ್ಟಿನ ಡಬ್ಬಿ ತಂದರು. ಒಳಗೆ ಅರಳೆಯಲ್ಲಿ ಸುತ್ತಿದ ಕಂದು ಬಣ್ಣದ ಮೇಣದ ಉರುಳೆ. ಕಂಪನಿಯ ಹಾಡಿನ ಉರುಳೆಗಳು ಹೆಚ್ಚಾಗಿ ಕಪ್ಪು. ಕಂದು ಮೇಣವೆಂದರೆ ಎದುರಿಗಿದ್ದವರ ದನಿಯನ್ನೇ ಹಿಡಿದಿರಬಹುದು.

"ನಮ್ಮ ಮಾವನ ಅಪ್ಪ ಮೈಲಾರಿ, ಒಬ್ಬ ದೊರಿ ಕಡಿ ಡೇರೆ ಹೊರಾಕ ಹೋಗ್ತಿದ್ದನಂತ" ಎಂದರು ಅಮೃತಬಾಯಿ. "ದೊರಿ ತನ್ನ ದೇಶಕ್ಕ ಹೋಗುವಾಗ ಕೊಟ್ಟು ಹೋಗ್ಯಾನಂತ."

ಪೆಟ್ಟಿಗೆಯಲ್ಲಿ ಎರಡು ಸೂಜಿಬಿಲ್ಲೆಗಳಿದ್ದವು. ಒಂದು ಮೇಣ ಕೊರೆದು ದನಿ ಬರೆಯುವುದು, ಇನ್ನೊಂದು ಬರೆದದ್ದನ್ನು ಕೇಳಿಸುವುದು. ತಪ್ಪಿ ಮೊದಲನೆಯದನ್ನು ಇಟ್ಟರೆ ಒಳಗಿದ್ದ ದನಿ ಪುಡಿಯಾಗಿ ಉದುರಿಹೋಗುತ್ತದೆ. ಪ್ರೇಮಲಾ ಎರಡನ್ನೂ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಒಂದರ ತುದಿ ಉಳಿಯಂತೆ ಚೂಪು, ಇನ್ನೊಂದರದು ಸಾಸಿವೆಯಂತೆ ದುಂಡು. ಮತ್ತೆ ನೋಡಿದರು.

"ಸರಿ ಇದ್ದದ್ದು ಹಚ್ಚಿದ್ರೂ ಪ್ರತಿ ಸಲ ಸ್ವಲ್ಪ ಸವಿತದ ಆಯೀ. ಹಚ್ಚಲೇನು?"

"ಒಂದ ಸಲ ಕೇಳಸವ್ವ. ಸಾಕು."

ಮರೆಪ್ಪ ಮೊಬೈಲ್ ರೆಕಾರ್ಡಿಗೆ ಹಿಡಿದ. ಪ್ರೇಮಲಾ ಎಣ್ಣೆ ಒರೆಸಿದ ತುತ್ತೂರಿಯನ್ನು ಸಿಕ್ಕಿಸಿ, ಮೇಣದ ಉರುಳೆ ಏರಿಸಿ, ಕೀಲಿ ಕೊಟ್ಟು ದುಂಡು ತುದಿಯನ್ನು ಇಳಿಸಿದರು. ಮೊದಲು ಜೋಳದ ಅಳ್ಳು ಹುರಿದಂತೆ ಚಟಪಟ ಸದ್ದು. ಆಮೇಲೆ ಯಾರೋ ಕೆಮ್ಮಿದರು. ಎಳೆಯ ಗಂಡು ದನಿಯೊಂದು ನಾಚಿಕೊಂಡು ನಕ್ಕು, ಉಸಿರೆಳೆದು ಕೂಗಿತು: "ಹುರ್ರೋ... ಹೋ... ಬಾ, ಬಾ, ಬಾ!"

ಹಟ್ಟಿಯಲ್ಲಿ ಮೆಲುಕು ಹಾಕುತ್ತಿದ್ದ ಕುರಿಗಳು ತಲೆ ಎತ್ತಿದವು. ಕೂಗು ಮತ್ತೆ ಬಂತು. ಮುಂದಾಳು ಕುರಿ ಎದ್ದು ಬೇಲಿಗೆ ಬಂದು ನಿಂತಿತು. ಅದರ ಹಿಂದೆ ಇಡೀ ಹಿಂಡು ಬ್ಯಾ ಎನ್ನುತ್ತ ನುಗ್ಗಿತು.

"ಯವ್ವಾ, ಇದು ನಾ ಕರ್ದಂಗೇ ಅದಲ್ಲ!" ಎಂದ ಮರೆಪ್ಪ.

"ಮತ್ತ ನಿನಗ ಕಲಿಸ್ಯಾರ ಯಾರು? ಮೈಲಾರಿ ಮುತ್ಯಾನ ಕೂಗ ಅಲ್ಲೇನು?" ಎಂದರು ಅಮೃತಬಾಯಿ. ಅಷ್ಟರಲ್ಲಾಗಲೇ ಅವರು ಎದ್ದು ನಿಂತು, ಮಾವನವರು ಬಂದರೆಂಬಂತೆ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು.

ದನಿ ನಿಂತ ಮೇಲೆ ಪ್ರೇಮಲಾ ಸೂಜಿ ಎತ್ತಿದರು. ಕೊನೆಗೆ ಮರೆಪ್ಪ ಬೆಲೆ ಕೇಳಿದ.

"ಪೆಟ್ಟಿಗಿದು ಹೇಳ್ತೀನಿ. ಸಿಕ್ಕವರು ಕುಣದ್ಯಾಡಿ ಒಯ್ತಾರ. ಈ ಮೇಣದ್ದು ನನಗ ಹೇಳಾಕ ಬರಂಗಿಲ್ಲಪ್ಪ."

ಮರೆಪ್ಪ ಮಾರುವ ಮಾತು ಬಿಟ್ಟ. ಆದರೆ ಹಳೇ ಮಣ್ಣಿನ ಮಾಳಿಗೆ ತೆಗೆದು ಈಚೆಗೆ ತಗಡು ಹೊದಿಸಿದ ಆ ಮನೆಯೊಳಗೆ ಇನ್ನು ಬೇಸಿಗೆಯಲ್ಲಿ ಮೇಣ ಉಳಿಯುವುದಿಲ್ಲ. ಅಮೃತಬಾಯಿಯೇ ಉರುಳೆಯನ್ನು ಮತ್ತೆ ಅರಳೆಯಲ್ಲಿ ಸುತ್ತಿ ಡಬ್ಬಿಗಿಟ್ಟು, ತಂಪಾದ ಕಲ್ಲುಮನೆಯಿದ್ದ ಪ್ರೇಮಲಾ ಅವರ ಉಡಿಗೆ ಹಾಕಿದರು. ಮಳೆಗಾಲಕ್ಕೆ ತಂದುಕೊಡಬೇಕೆಂದು ಮಾತಾಯಿತು.

ಊರಿಗೆ ಮರಳುವಾಗ ನಾರಾಯಣಖೇಡದ ಶೇರ್ ಆಟೋದಲ್ಲಿ ಪ್ರೇಮಲಾ ಡಬ್ಬಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕೂತರು. ತಗ್ಗು ಬಂದಾಗಲೆಲ್ಲ "ಹೌರಗ, ಹೌರಗ" ಎನ್ನುತ್ತಿದ್ದರು.

"ಒಳಗ ಏನದರಿ ಅಕ್ಕಾ, ಗಾಜಿನ ಸಾಮಾನೇನು?" ಎಂದ ಡ್ರೈವರ್.

"ಒಬ್ಬ ಹುಡುಗ ಅದಾನಪ್ಪ" ಎಂದರು ಪ್ರೇಮಲಾ. "ಕುರಿ ಕರೀಲಿಕ್ಕತ್ಯಾನ."