ಹಸಿದ ಹೆಣಗಳಿಗೆ ಮುದ್ದೆ

ಲಗ್ಗೆರೆಯ ವಠಾರದ ಓನರಮ್ಮ ಭದ್ರಮ್ಮನಿಗೆ ಭಾನುವಾರ ಬಂತೆಂದರೆ ಬಾಡಿಗೆಯವರ ಟಿವಿಯಲ್ಲಿ ಅದೇ ಹಳೆಯ ಜಾಂಬಿ ಸಿನಿಮಾ ಆಗಬೇಕು. ಸತ್ತವರು ಎದ್ದು, ಕಾಲೆಳೆಯುತ್ತ ಹೊಲ ದಾಟಿ ಬರುವ ಸೀನಿಗೆ ಅವಳ ಬಾಯಲ್ಲಿ ಎಲೆಯಡಿಕೆ ನಿಂತುಬಿಡುತ್ತದೆ. ಮನೆಯೊಳಗಿನವರು ಬಾಗಿಲಿಗೆ ಹಲಗೆ ಹೊಡೆದರೋ, ಶುರುವಾಯಿತು ಶಾಪ. "ಥೂ ಪಾಪಿಗಳಾ! ಹಸ್ಕೊಂಡ್ ಬಂದವೆ ಕಣ್ರೋ. ಬಾಗ್ಲು ತೆಗ್ದು ಒಂದೊಂದು ಮುದ್ದೆ ಇಕ್ಕಿ. ನುಂಗೋದು ಕಲ್ತ್ರೆ ಕಚ್ಚೋದು ಮರ್ತ್‌ಬಿಡ್ತವೆ!" ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮಷೀನು ಓಡಿಸುವ ಬಾಗಲಕೋಟೆಯ ಹಣಮಂತನೊಬ್ಬನನ್ನು ಬಿಟ್ಟು. ಊರು ಬಿಟ್ಟು ಬಂದ ಹೊಸತರಲ್ಲಿ ಕೆಲಸ ಸಿಗದೆ, ಮೂರು ದಿನದ ಹಸಿವಿನಲ್ಲಿ ಕಾಲೆಳೆಯುತ್ತ ಅವನು ಬಂದಾಗ ಬೀದಿಯಲ್ಲಿ ತೆರೆದದ್ದು ಇದೊಂದೇ ಬಾಗಿಲು. ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತಿದ್ದವನಿಗೆ "ಅಗೀಬ್ಯಾಡ, ನುಂಗಪ್ಪಾ" ಎಂದವಳು ಇವಳೇ. ಕೊನೆಗೆ ಹೆಣಗಳು ಬಾಗಿಲು ಮುರಿದು ಒಳನುಗ್ಗಿದಾಗ ಹಣಮಂತ ಶಿಳ್ಳೆ ಹೊಡೆಯುತ್ತಾನೆ, ಭದ್ರಮ್ಮ ಗೆದ್ದವಳಂತೆ ಎದ್ದು ಮುದ್ದೆಗೆ ಎಸರಿಡುತ್ತಾಳೆ.