ಗೌರಿಗೆ ಹೇಳದೆ ನುಂಗಿದ ಡಾಕ್ಟರ ಮಾತು

ಗೌರಿ, ನಿನ್ನ ಎದೆಯ ಆಪರೇಷನ್ನಿಗೆ ಮುಂಚೆ ಡಾಕ್ಟರು ನಿನಗೆ ತಿಳಿಸು ಎಂದು ನನಗೆ ಹೇಳಿದ ಮಾತುಗಳನ್ನು ನಾನು ನಿನಗೆ ತಿಳಿಸಲಿಲ್ಲ. ಮರೆತದ್ದಲ್ಲ. ಅರ್ಥವಾಗದೆ ಬಿಟ್ಟದ್ದೂ ಅಲ್ಲ — ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು, ಒಂದೊಂದು ಮಾತೂ ಅರ್ಥವಾಗಿತ್ತು. ಬೇಕೆಂದೇ ನುಂಗಿದೆ. ಏಳು ವರ್ಷದಿಂದ ನೀನು ಹಣೆಬರಹ, ಹಣೆಬರಹ ಎನ್ನುತ್ತಿದ್ದೀಯ. ನಾನು ಹೂಂ ಎನ್ನುತ್ತಾ ಬಂದಿದ್ದೇನೆ.

ನಮ್ಮದು ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ. ನಿನ್ನಣ್ಣ ನನಗೆ, ನನ್ನ ತಮ್ಮ ನಿನಗೆ, ಇಬ್ಬರಿಗೂ ಒಂದೇ ಚಪ್ಪರ. ಒಂದು ಮುರಿದರೆ ಇನ್ನೊಂದೂ ಮುರಿಯಿತು ಅಂತಲೇ ಲೆಕ್ಕ. ನನಗಾಗ ಇಪ್ಪತ್ತೆಂಟು. ಗಡಿಯಾಚೆ ತಮಿಳುನಾಡಿನ ನಮ್ಮೂರು ತಿಗನಾರೆಯಲ್ಲಿ ನನ್ನ ವಾರಗೆಯವರ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ನಾನು ಕೊಯಮತ್ತೂರಿನಲ್ಲಿ ಯಾರ್ಯಾರದೋ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದೆ. ನಿನ್ನಣ್ಣನನ್ನು ಒಂದೇ ಸಲ ನೋಡಿದ್ದು. ಆ ಮನುಷ್ಯ ನನಗೆ ಬೇಕು ಅನ್ನಿಸಿಬಿಟ್ಟಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ — ಬೇಕೇ ಬೇಕಿತ್ತು.

ನಾವು ಹೆಣ್ಣು ನೋಡಲು ಗಡಿ ದಾಟಿ ನಿಮ್ಮೂರಿಗೆ ಬಂದ ದಿನ ನೀನೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೆರಗು ಸರಿಸಿ ತೋರಿಸಿದೆ. ಮಗುವಾಗಿದ್ದಾಗ ಕಫ ಕಟ್ಟಿತೆಂದು ಕಾದ ಕಬ್ಬಿಣದಲ್ಲಿ ನಿನ್ನ ಎದೆಗೆ ಬರೆ ಎಳೆದಿದ್ದರು. ಬಲಗಡೆ ಬೆಳೆದಿತ್ತು, ಎಡಗಡೆ ಸುಕ್ಕುಗಟ್ಟಿದ ಚರ್ಮ, ಅಷ್ಟೇ. ಸೆರಗು ಮತ್ತೆ ಹೊದ್ದುಕೊಂಡು ನೀನಂದೆ:

"ಅಕ್ಕ, ನಿಮ್ಮವ್ವನ್ಗೆ ಏಳ್ಬುಡಿ. ಮುಚ್ಚಿಟ್ಕಂಡು ಮದ್ವೆಯಾಗದು ನಂಗೆ ಬ್ಯಾಡ."

ನೀನು ಇಪ್ಪತ್ತು ವರ್ಷದ ಹುಡುಗಿ. ಅಷ್ಟು ನೆಟ್ಟಗೆ ಮಾತಾಡಿದೆ. ನಾನು ನೆಟ್ಟಗಿರಲಿಲ್ಲ.

ನಮ್ಮವ್ವನನ್ನು ನೀನು ಈಗ ಬಲ್ಲೆ, ನಾನು ಆಗಲೇ ಬಲ್ಲೆ. ಮದುವೆಯ ಹಿಂದಿನ ದಿನ ಗಂಡಿನ ಕಡೆ ಹೆಂಗಸರೇ ಹೆಣ್ಣಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ನಮ್ಮ ಮನೆತನದ ಪದ್ಧತಿ. ಅವ್ವನ ಕೈಗೆ ಆ ಎದೆ ಸಿಕ್ಕಿದರೆ ಚಪ್ಪರ ಕೀಳಿಸುತ್ತಿದ್ದಳು. ಅದಕ್ಕೇ ಹೇಳಿದೆ: ಸುಮ್ಮನಿರು, ಇದಕ್ಕೆ ನಮ್ಮ ಆಸ್ಪತ್ರೆಯಲ್ಲಿ ದಾರಿಯಿದೆ, ಒಳಗೊಂದು ಮೆತ್ತನೆಯ ಚೀಲ ಇಟ್ಟು ಎರಡೂ ಕಡೆ ಸಮ ಮಾಡುತ್ತಾರೆ. ನಿಮ್ಮಮ್ಮನಿಗೆ ಮಾತ್ರ ವಿಷಯ ತಿಳಿಸಿದೆವು. ಮಿಕ್ಕವರಿಗೆಲ್ಲ ಹೊಟ್ಟೆಯೊಳಗೆ ಗಂಟು ಎಂದೆವು.

ಡಾಕ್ಟರು ಒಳ್ಳೆಯವರು, ಅವರ ಮೇಲೆ ಒಂದು ಚೂರೂ ತಪ್ಪಿಲ್ಲ. ನಿನಗೆ ತಮಿಳು ಬರದು, ಅವರಿಗೆ ಕನ್ನಡ ಬರದು. ನಡುವೆ ನಾನು. ಅವರು ನಿನ್ನ ಮುಖವನ್ನೇ ನೋಡುತ್ತಾ ಅರ್ಧ ಗಂಟೆ ಹೇಳಿದರು. ಇದು ಕಾಯಿಲೆಗೆ ಮಾಡುವ ಆಪರೇಷನ್ ಅಲ್ಲ, ಮಾಡಿಸದಿದ್ದರೆ ಜೀವಕ್ಕೇನೂ ಆಗದು. ಇಟ್ಟ ಚೀಲ ಸಾಯುವ ತನಕ ಬರುತ್ತದೆಂದು ತಿಳಿಯಬೇಡ, ಮುಂದೆ ಮತ್ತೆ ಕೊಯ್ಯಬೇಕಾಗಬಹುದು. ಮೈ ಅದರ ಸುತ್ತ ಗೋಡೆ ಕಟ್ಟುತ್ತದೆ; ಕೆಲವರಿಗೆ ಆ ಗೋಡೆ ಬಿಗಿದುಕೊಂಡು ಗಟ್ಟಿಯಾಗಿ ನೋಯುತ್ತದೆ. ಚೀಲ ಒಡೆಯಲೂಬಹುದು. ಸುಟ್ಟ ಚರ್ಮವಾದ್ದರಿಂದ ನಿನಗೆ ಆ ಭಯ ಹೆಚ್ಚು. ಆ ಕಡೆ ಸ್ಪರ್ಶ ತಿಳಿಯದೇ ಹೋಗಬಹುದು. ಹಾಲಂತೂ ಬರುವುದಿಲ್ಲ — ಬರೆ ಹಾಕಿದಾಗಲೇ ಅದು ಹೋಗಿದೆ, ಚೀಲದಿಂದ ಬರುವಂಥದ್ದಲ್ಲ. ವಯಸ್ಸಾದ ಮೇಲೆ ಗಂಟೇನಾದರೂ ಎದ್ದರೆ ಕಂಡುಹಿಡಿಯುವುದು ಕಷ್ಟ, ಆಗಾಗ ತೋರಿಸುತ್ತಿರಬೇಕು. ಊರಿಗೆ ಹೋಗಿ ಒಂದು ತಿಂಗಳು ಯೋಚನೆ ಮಾಡಿ ಬರಲಿ. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: ಯಾರಿಗೋಸ್ಕರ ಮಾಡಿಸಿಕೊಳ್ಳುತ್ತಾ ಇದಾಳೆ, ಕೇಳಮ್ಮ.

ನೀನು ನನ್ನ ಬಾಯಿ ನೋಡುತ್ತಿದ್ದೆ. "ಏನಂದ್ರಕ್ಕ?" ಅಂದೆ.

"ಏನೂ ಇಲ್ಲ ಕಣವ್ವ. ಭಯ ಬೀಳ್ಬ್ಯಾಡ, ಎಂಟು ದಿವ್ಸಕ್ಕೆ ಊರಿಗೆ ಓಗ್ಬೋದು ಅಂದ್ರು."

ಅರ್ಧ ಗಂಟೆಯ ಮಾತು ಅಷ್ಟೇ ಆಯಿತು! ನಿನಗೂ ಒಂದು ಕ್ಷಣ ಅನುಮಾನ ಬಂದಿತ್ತು, ನಿನ್ನ ಹುಬ್ಬು ಗಂಟಾದದ್ದು ನಾನು ನೋಡಿದೆ. ಆದರೂ ನಂಬಿದೆ. ಯಾರಿಗೋಸ್ಕರ ಎಂದು ನಾನು ನಿನ್ನನ್ನು ಕೇಳಲಿಲ್ಲ. ನನಗೋಸ್ಕರ ಎಂದು ನನಗೆ ಗೊತ್ತಿತ್ತು. ಡಾಕ್ಟರಿಗೆ ತಮಿಳಿನಲ್ಲಿ, ಎಲ್ಲ ತಿಳಿದುಕೊಂಡಿದ್ದಾಳೆ, ಯೋಚನೆಯೂ ಮಾಡಿದ್ದಾಳೆ ಎಂದೆ. ತಮಿಳಿನಲ್ಲಿ ಅಚ್ಚಾದ ಕಾಗದಕ್ಕೆ ನೀನು ಕನ್ನಡದಲ್ಲಿ ಸೈನ್ ಹಾಕಿದೆ. ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವಳೂ ನಾನೇ.

ಎಣ್ಣೆ ನೀರಿನ ದಿನ ಅವ್ವ ಬರೆಯ ಗುರುತು ನೋಡಿದಳು, ಚಿಕ್ಕಂದಿನದು ಎಂದೆ, ಒಪ್ಪಿಕೊಂಡಳು. ಎರಡೂ ಮದುವೆ ಆದವು. ನಾನು ನಿನ್ನೂರಿಗೆ ಬಂದೆ, ನೀನು ನನ್ನೂರಿಗೆ ಹೋದೆ. ನನ್ನ ಸಂಸಾರ ಚೆನ್ನಾಗಿತ್ತು, ಗೌರಿ. ಅದನ್ನೂ ಹೇಳಲೇಬೇಕು. ನಿನ್ನಣ್ಣ ನನ್ನನ್ನು ಚೆನ್ನಾಗಿ ನೋಡಿಕೊಂಡರು.

ನಿನಗೆ ಮಗನಾದ ಮೇಲೆ ಬಾಣಂತಿ ನೋಡಲು ಬಂದಿದ್ದೆನಲ್ಲ — ಒಂದೇ ಕಡೆ ಹಾಲು, ಆ ಮೊಲೆ ಸೀಳಿ ರಕ್ತ, ಇನ್ನೊಂದು ಕಡೆ ಬಿಗಿದುಕೊಂಡು ನೋವು. ಹುಲ್ಲಿನ ಹೊರೆ ಹೊತ್ತದ್ದಕ್ಕೆ ಹೀಗಾಯಿತೆಂದು ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದೆ. ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದೆ. ಅವ್ವ ನಡುಮನೆಯಲ್ಲಿ ನಿಂತು, ಒಂದು ಮಗಿಗೆ ಆಲು ಕುಡಿಸೋ ಯೋಗ್ತೆ ಇಲ್ದವ್ಳು ಅಂದಳು. ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಬಾಯಿ ತೆರೆದಿದ್ದರೆ — ಇಲ್ಲ, ತೆರೆಯಲಿಲ್ಲ. ಅವತ್ತಿಗೆ ನನ್ನ ಮದುವೆ ಆಗಿಹೋಗಿತ್ತು, ಹೆದರುವುದಕ್ಕೆ ಅಂಥದ್ದೇನೂ ಇರಲಿಲ್ಲ. ಆ ಮೌನವೇ ನನಗೆ ಮೊದಲಿನದಕ್ಕಿಂತ ದೊಡ್ಡ ಪಾಪವಾಗಿ ಕಾಣುತ್ತದೆ.

ಮೊನ್ನೆ ನೀನು ಹೇಳಿ ಕಳಿಸಿದೆ. ನೋವು ತಡೆಯಲಾಗುತ್ತಿಲ್ಲ, ಹೊಸ ಡಾಕ್ಟರು ಹಳೆಯ ಚೀಲ ತೆಗೆಯಬೇಕು ಅಂದಿದ್ದಾರೆ, ಬೇಕಾದರೆ ಹೊಸದು ಇಡುತ್ತಾರಂತೆ, ಸೋಮವಾರ ಜೊತೆಗೆ ಬಂದು ಅವರು ಹೇಳೋದನ್ನ ಕನ್ನಡದಲ್ಲಿ ಹೇಳಕ್ಕ ಅಂತ. ನಿನಗೆ ಸಂತೆಯ ತಮಿಳು ಬಂತು, ಆಸ್ಪತ್ರೆಯ ತಮಿಳು ಬರಲಿಲ್ಲ. ಮತ್ತೆ ನನ್ನನ್ನೇ ನಂಬಿ ಕರೆದಿದ್ದೀಯ. ಅದಕ್ಕೇ ಈ ಕಾಗದ.

ನನ್ನನ್ನು ಕರೆದುಕೊಂಡು ಹೋಗಬೇಡ. ಜೀರಹಳ್ಳಿಯ ಟೀಚರಮ್ಮನಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ನಿನ್ನಿಂದ ಏನೂ ಬೇಕಾಗಿಲ್ಲದವಳು, ಅವಳನ್ನು ಕೇಳು. ಡಾಕ್ಟರು ಹೇಳುವ ಪ್ರತಿ ಮಾತನ್ನೂ ತಿರುಗಿ ಕೇಳಿಸಿಕೋ. ಕಾಗದವನ್ನು ಓದಿಸದೆ ಸೈನ್ ಹಾಕಬೇಡ. ಹೊಸ ಚೀಲ ಇಡಿಸಿಕೊಳ್ಳುವುದೋ ಬಿಡುವುದೋ, ನನ್ನ ತಮ್ಮನಿಗೋಸ್ಕರವೂ ಬೇಡ, ಅವ್ವನ ಬಾಯಿಗೆ ಹೆದರಿಯೂ ಬೇಡ. ನಿನಗೇನು ಬೇಕೋ ಅದು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ನಾಳೆ ಮೊದಲ ಬಸ್ಸಿಗೆ ಹಾಸನೂರು ದಾಟಿ ತಿಗನಾರೆಗೆ ಬರುತ್ತಿದ್ದೇನೆ, ಈ ಕಾಗದ ನಿನ್ನ ಕೈಗಿಟ್ಟು, ಅವ್ವನ ಎದುರು ಕೂತು ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ನಿನ್ನಣ್ಣನಿಗೆ ಇವತ್ತು ಬೆಳಗ್ಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ತಟ್ಟೆ ಸರಿಸಿ ಎದ್ದು ಹೊಲಕ್ಕೆ ಹೋದರು, ಇನ್ನೂ ಬಂದಿಲ್ಲ.